ಯಾರ ಮಾನ, ಯಾರ ಕಾವಲು

1882ರಿಂದ 1968ರವರೆಗೆ ಅಮೆರಿಕದಲ್ಲಿ 4,743 ಮಂದಿ ಗುಂಪುಹತ್ಯೆಗೆ ಬಲಿಯಾದರೆಂದು ಟಸ್ಕೆಗೀ ಸಂಸ್ಥೆಯ ದಾಖಲೆ ಹೇಳುತ್ತದೆ. ಅವರಲ್ಲಿ 3,446 ಮಂದಿ ಕಪ್ಪು ಜನ. ದಕ್ಷಿಣದ ರಾಜ್ಯಗಳಲ್ಲಿ ಕೊಂದವರ ಬಾಯಲ್ಲಿ ಸದಾ ಸಿದ್ಧವಿದ್ದ ಸಮರ್ಥನೆ ಒಂದೇ: ನಮ್ಮ ಹೆಂಗಸರ ಮಾನ ಕಾಯಬೇಕಿತ್ತು. ಆ ಹೆಂಗಸರು ಏನಂದರು ಎಂದು ಹುಡುಕಿಕೊಂಡು ಹೊರಟವರು ಜ್ಯಾಕ್ವೆಲಿನ್ ಡೌಡ್ ಹಾಲ್. 1943ರಲ್ಲಿ ಒಕ್ಲಹೋಮದಲ್ಲಿ ಹುಟ್ಟಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಇತಿಹಾಸಕಾರ್ತಿ. ಇತಿಹಾಸದ ಪಾಠ ಹೇಳಿಕೊಂಡು ಬಂದ ನನಗೆ ಅವರ ಈ ಪ್ರಶ್ನೆ ಇವತ್ತಿಗೂ ಬಿಸಿಯಾಗಿಯೇ ಇದೆ.

1979ರ ಅವರ ಮೊದಲ ಪುಸ್ತಕ ‘ರಿವೋಲ್ಟ್ ಅಗೇನ್‌ಸ್ಟ್ ಶಿವಲ್ರಿ’. ಕಥಾನಾಯಕಿ ಜೆಸ್ಸಿ ಡೇನಿಯಲ್ ಏಮ್ಸ್, ಟೆಕ್ಸಾಸ್‌ನವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮೂರು ಮಕ್ಕಳನ್ನು ಸಾಕಿದಾಕೆ, ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದಾಕೆ. 1930ರಲ್ಲಿ ಅಟ್ಲಾಂಟಾದಲ್ಲಿ ಬಿಳಿ ಹೆಂಗಸರನ್ನು ಸೇರಿಸಿ ಗುಂಪುಹತ್ಯೆ ತಡೆಯುವ ಸಂಘ ಕಟ್ಟಿದಳು. ಚರ್ಚಿನ ಮಹಿಳಾ ಮಂಡಳಿಗಳಿಂದ ಬಂದ ಈ ಗೃಹಿಣಿಯರು ಊರೂರಿನ ಶೆರಿಫರ ಮುಂದೆ ನಿಂತು, ಕೈದಿಯನ್ನು ಗುಂಪಿಗೆ ಒಪ್ಪಿಸುವುದಿಲ್ಲ ಎಂದು ಬರೆಸಿಕೊಂಡು ಸಹಿ ಹಾಕಿಸುತ್ತಿದ್ದರು. ನಮ್ಮ ಹೆಸರಲ್ಲಿ ಕೊಲೆ ಬೇಡ, ಇಂಥ ರಕ್ಷಣೆಯೂ ಬೇಡ ಎಂಬುದು ಅವರ ಮಾತು. ಸತ್ತವರಲ್ಲಿ ಬಿಳಿ ಹೆಂಗಸಿನ ಮೇಲೆ ಕೈಮಾಡಿದ ಆರೋಪವಾದರೂ ಇದ್ದವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲವೆಂದು ಲೆಕ್ಕ ಹಾಕಿ ತೋರಿಸಿದರು. ಮಾನ ಕಾಯುವ ಈ ಸುಳ್ಳನ್ನು ಮೆಂಫಿಸ್‌ನ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ 1892ರಲ್ಲೇ ಬಯಲು ಮಾಡಿದ್ದಳು; ಅದಕ್ಕೆ ಸಿಕ್ಕ ಪ್ರತಿಫಲ, ಅವಳ ಪತ್ರಿಕಾ ಕಚೇರಿ ಧ್ವಂಸ.

ಏಮ್ಸ್‌ಳನ್ನು ಮೆಚ್ಚಿ ಬರೆದರೂ ಹಾಲ್ ಆಕೆಯ ಮಿತಿಯನ್ನು ಮುಚ್ಚಿಡಲಿಲ್ಲ. ಸಂಘದೊಳಗೆ ಕಪ್ಪು ಹೆಂಗಸರಿಗೆ ಜಾಗವಿರಲಿಲ್ಲ. ಆ ಕಪ್ಪು ಹೆಂಗಸರು ಕೇಳುತ್ತಿದ್ದ, ಗುಂಪುಹತ್ಯೆ ತಡೆಯುವ ಕೇಂದ್ರ ಕಾನೂನನ್ನು ಏಮ್ಸ್ ವಿರೋಧಿಸಿದಳು. ಆ ಕಾನೂನು, ಗುಂಪುಹತ್ಯೆಗೆ ಬಲಿಯಾದ ಕಪ್ಪು ಹುಡುಗ ಎಮ್ಮೆಟ್ ಟಿಲ್‌ನ ಹೆಸರಿನಲ್ಲಿ ಕೊನೆಗೂ ಬಂದದ್ದು 2022ರಲ್ಲಿ.

1973ರಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ದಕ್ಷಿಣದ ಮೌಖಿಕ ಇತಿಹಾಸ ಯೋಜನೆಯ ಹೊಣೆ ಹಾಲ್ ಅವರಿಗೆ ಬಂತು. 2011ರವರೆಗೆ ಅವರೇ ನಡೆಸಿದರು. ಟೇಪ್ ರೆಕಾರ್ಡರ್ ಹಿಡಿದು ಹತ್ತಿ ಗಿರಣಿಗಳ ಮುದಿ ಕಾರ್ಮಿಕರ ಮನೆಗೆ ಹೋದ ತಂಡದ ದುಡಿಮೆಯಿಂದ 1987ರಲ್ಲಿ ‘ಲೈಕ್ ಎ ಫ್ಯಾಮಿಲಿ’ ಎಂಬ ಪುಸ್ತಕವಾಯಿತು. ಆದರೆ ನನಗೆ ಅದಕ್ಕಿಂತ ಪ್ರಿಯವಾದದ್ದು, ಅದಕ್ಕೆ ಒಂದು ವರ್ಷ ಮೊದಲು ಅವರು ಟೆನೆಸಿಯ ಎಲಿಜಬೆತ್‌ಟನ್ ಊರಿನ ಮೇಲೆ ಬರೆದ ಪ್ರಬಂಧ. 1929ರ ಮಾರ್ಚ್‌ನಲ್ಲಿ ಅಲ್ಲಿನ ರೇಯಾನ್ ಕಾರ್ಖಾನೆಯ ಹುಡುಗಿಯರು ಕೂಲಿ ಸಾಲದೆಂದು ಕೆಲಸ ಬಿಟ್ಟು ಹೊರಬಂದರು. ವಾರಕ್ಕೆ 56 ಗಂಟೆಯ ದುಡಿಮೆ. ಗುಂಪು ಸೇರಬಾರದೆಂದು ಕೋರ್ಟಿನ ಆಜ್ಞೆಯಾಯಿತು, ಮುಂದೆ ಸೈನ್ಯವೂ ಬಂತು. ಹುಡುಗಿಯರು ರಾಷ್ಟ್ರಧ್ವಜ ಹೊದ್ದು ಸೈನಿಕರೆದುರು ಹಾದುಹೋಗತೊಡಗಿದರು. ಪ್ರತಿ ಸಲವೂ ಸೈನಿಕರು ಬಂದೂಕು ಎತ್ತಿ ಗೌರವ ಸಲ್ಲಿಸಲೇಬೇಕು! ಅವರಲ್ಲೊಬ್ಬಳು ಟ್ರಿಕ್ಸಿ ಪೆರಿ. ಕೋರ್ಟಿಗೂ ಆಕೆ ಧ್ವಜದ ಬಣ್ಣಗಳ ಉಡುಗೆ ಉಟ್ಟು, ಪುಟ್ಟ ಧ್ವಜವನ್ನೇ ಟೋಪಿ ಮಾಡಿಕೊಂಡು ಬಂದಳು. ಈ ಧ್ವಜದಡಿ ಹುಟ್ಟಿದವಳಿಗೆ ಅದನ್ನು ತೊಡುವ ಹಕ್ಕಿಲ್ಲವೇ ಎಂಬುದು ಅವಳ ವಾದ. ಗಯ್ಯಾಳಿಗಳು ಎಂದು ಕರೆಸಿಕೊಂಡ ಇಂಥವರ ನಡೆಯಲ್ಲಿ ರಾಜಕೀಯ ಬುದ್ಧಿಯನ್ನು ಕಂಡದ್ದು ಹಾಲ್ ಅವರ ಹೆಚ್ಚುಗಾರಿಕೆ. ಮಾನವಂತೆ ಎನಿಸಿಕೊಂಡವಳಿಗೆ ಮಾತ್ರ ಕಾವಲು. ಗಿರಣಿಯ ಹುಡುಗಿಗೆ ಬಂದೂಕು.

ಕಪ್ಪು ಹೆಂಗಸಿಗೆ ಕಾವಲೇ ಇಲ್ಲ. 1974ರಲ್ಲಿ ಹಾಲ್ ಟೇಪಿನ ಮುಂದೆ ಮಾತಾಡಿಸಿದ ಕ್ಯಾಥರಿನ್ ಡು ಪ್ರೆ ಲಂಪ್ಕಿನ್ ಇದನ್ನು ಎಳವೆಯಲ್ಲೇ ಕಂಡವಳು. ಅಪ್ಪ ಅಂತರ್ಯುದ್ಧದಲ್ಲಿ ದಕ್ಷಿಣದ ಪರ ಹೋರಾಡಿದವನು, ಕಪ್ಪು ಜನರನ್ನು ಬೆದರಿಸುತ್ತಿದ್ದ ಬಿಳಿಯರ ಗುಪ್ತಕೂಟ ಕು ಕ್ಲಕ್ಸ್ ಕ್ಲ್ಯಾನ್‌ನಲ್ಲಿ ಇದ್ದವನು. ಆ ಅಪ್ಪ ಮನೆಯ ಕಪ್ಪು ಅಡುಗೆಯವಳನ್ನು ಹೊಡೆಯುತ್ತಿದ್ದುದನ್ನು ಪುಟ್ಟ ಹುಡುಗಿ ಕಣ್ಣಾರೆ ನೋಡಿದಳು. ತಾನು ಬಿಳಿಯಳು ಎಂಬುದು ಅವಳಿಗೆ ಮನದಟ್ಟಾದದ್ದು ಆಗ. ಮುಂದೆ ಸಮಾಜಶಾಸ್ತ್ರಜ್ಞೆಯಾಗಿ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಳು. ಅವಳ ಹಿರಿಯಕ್ಕ ಎಲಿಜಬೆತ್ ಸೋತ ಸೈನಿಕರ ಸಭೆಗಳಲ್ಲಿ ದಕ್ಷಿಣದ ಕೀರ್ತಿ ಹಾಡಿದ ಭಾಷಣಗಾರ್ತಿ. ಇನ್ನೊಬ್ಬ ಅಕ್ಕ ಗ್ರೇಸ್ ಗ್ಯಾಸ್ಟೋನಿಯಾದ ಗಿರಣಿ ಮುಷ್ಕರವನ್ನು ಕಾದಂಬರಿ ಮಾಡಿ, ಎಡಪಂಥಕ್ಕೆ ಹೋಗಿ, ಆಮೇಲೆ ಅದರ ಕಡುವಿರೋಧಿಯಾದಳು. ಒಂದೇ ಮನೆಯ ಈ ಮೂವರನ್ನು ಹಾಲ್ 2019ರ ‘ಸಿಸ್ಟರ್ಸ್ ಅಂಡ್ ರೆಬೆಲ್ಸ್’ನಲ್ಲಿ ಒಟ್ಟಿಗೆ ಕೂರಿಸಿದರು. ಮೂವರೂ ತಮ್ಮನ್ನು ದಕ್ಷಿಣದವರೆಂದೇ ಎಣಿಸಿಕೊಂಡಿದ್ದರು, ಮೂವರ ದಕ್ಷಿಣವೂ ಬೇರೆ.