ಬಗ್ಗಿದ ಬೆನ್ನಿಗೆ ಯಾವ ಯೋಗ?

ಹುಣಸೂರು, ಪಿರಿಯಾಪಟ್ಟಣದ ಕಡೆ ಯೋಗದ ಮಾತೆತ್ತಿದರೆ ಬರುವ ಉತ್ತರ ಹೆಚ್ಚೂಕಡಿಮೆ ಒಂದೇ: ‘ಬೆಳಗಾದ್ರೆ ಹೊಲದಲ್ಲಿ ಬಗ್ಗಿ ಏಳ್ತೀವಿ, ನಮಗ್ಯಾಕೆ ಸ್ವಾಮಿ ಯೋಗ?’ ನಕ್ಕು ಮರೆಯುವ ಮಾತಲ್ಲ ಇದು. ಯೋಗದಿಂದ ದೇಹಕ್ಕೆ, ಮನಸ್ಸಿಗೆ ಆಗುವ ಲಾಭವೇನೆಂದು ನೂರು ವರ್ಷಗಳಿಂದ ನಡೆದಿರುವ ಹುಡುಕಾಟ ಈ ರೈತನಿಗೂ ಉತ್ತರ ಹೇಳಬೇಕು. ಅದರಲ್ಲೂ, ಇಂದು ಜಗತ್ತು ಮಾಡುತ್ತಿರುವ ಯೋಗದ ಬಹುಪಾಲು ರೂಪ ತಳೆದದ್ದು ಇಲ್ಲಿಂದ ಬಸ್ಸಿನಲ್ಲಿ ಒಂದೆರಡು ಗಂಟೆ ದೂರದ ಮೈಸೂರಿನಲ್ಲಿ.

ಅರಮನೆಯ ಹುಡುಗರು

ಕೆ.ಆರ್. ನಗರ ಯಾರ ಹೆಸರು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರೇ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಸಿದರು. ಗುರು ತಿರುಮಲೈ ಕೃಷ್ಣಮಾಚಾರ್ಯರು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿ, ಕಾಶಿಯವರೆಗೂ ಹೋಗಿ ಶಾಸ್ತ್ರ ಓದಿ ಬಂದ ಈ ಪಂಡಿತರು ಹೊಟ್ಟೆಪಾಡಿಗೆ ಕೆಲಕಾಲ ಹಾಸನದ ಕಡೆಯ ಕಾಫಿ ತೋಟದಲ್ಲಿ ಮೇಲ್ವಿಚಾರಣೆ ಮಾಡಿದ್ದುಂಟು. ಎಚ್.ಡಿ. ಕೋಟೆಯ ಹಾಡಿಗಳಿಂದ ಇಂದಿಗೂ ಜೀಪು ಹತ್ತಿ ಕೊಡಗಿನ ತೋಟಗಳಿಗೆ ಹೋಗುವ ಆಳುಗಳಂಥವರ ದಣಿವನ್ನು ಅವರೂ ಹತ್ತಿರದಿಂದ ಕಂಡಿರಬೇಕು.

1934ರಲ್ಲಿ ಅವರ ‘ಯೋಗ ಮಕರಂದ’ ಕನ್ನಡದಲ್ಲೇ ಅಚ್ಚಾಯಿತು. ಅದಕ್ಕೆ ಮೊದಲೇ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿದ್ದವು. ಗರಡಿಮನೆಯ ಸಾಮುಗಳೂ ಈ ಪರಂಪರೆಗೆ ಸೇರಿಕೊಂಡಿವೆ ಎಂದು ನಾರ್ಮನ್ ಸ್ಯೋಮನ್ 1996ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ. ‘ಶಾಂತಲಾ’ ಕಾದಂಬರಿಯ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ಕಟ್ಟಿ, ಸೂರ್ಯನಮಸ್ಕಾರವನ್ನು ಅಂಗಸಾಧನೆಯ ಜೊತೆ ಬೆರೆಸಿದ್ದೂ ಯೋಗಶಾಲೆಯ ಆ ಕಾಲದಲ್ಲೇ.

ಯೋಗಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅರಮನೆಯ ನಂಟಿನ ಹುಡುಗರು. ಎಳೆಯ ಮೈಗೆ ಚುರುಕಿನ ಆಸನಗಳು, ಒಂದರಿಂದ ಇನ್ನೊಂದಕ್ಕೆ ನೆಗೆತ. ಕಾಯಿಲೆಯವರು ಬಂದರೆ ಆಚಾರ್ಯರು ಬೇರೆಯದನ್ನೇ ಹೇಳಿಕೊಡುತ್ತಿದ್ದರು. ಜಗತ್ತಿಗೆ ಹೆಚ್ಚಾಗಿ ಹರಡಿದ್ದು ಹುಡುಗರ ಪಾಠ. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗ ಸಂಸ್ಥೆ ತೆರೆದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸ್‌ಬೆತ್ ಬಂದು ಕಲಿತು ಹೋದ ಮೇಲೆ ವಿದೇಶಿಯರ ಸಾಲು ಶುರುವಾಯಿತು. ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋದರು. ಬಾಲ್ಯದಲ್ಲಿ ಸದಾ ಕಾಯಿಲೆ ಬೀಳುತ್ತಿದ್ದ ಅವರು ಹಗ್ಗ, ಕುರ್ಚಿ, ಮರದ ಇಟ್ಟಿಗೆ ಆಸರೆ ಕೊಟ್ಟು, ಮೈ ಬಗ್ಗದವರಿಗೂ ಆಸನ ಕೈಗೆಟಕುವಂತೆ ಮಾಡಿದರು.

ಅಳತೆಗೆ ಸಿಕ್ಕ ಲಾಭ

ಲಾಭವನ್ನು ಉಪಕರಣವಿಟ್ಟು ಅಳೆಯುವ ಕೆಲಸಕ್ಕೆ ಸ್ವಾಮಿ ಕುವಲಯಾನಂದರು 1924ರಲ್ಲೇ ಲೋನಾವಳದಲ್ಲಿ ಕೈಹಾಕಿದ್ದರು. ಕರ್ನಾಟಕದಲ್ಲಿ ಇದು ಗಟ್ಟಿಯಾದದ್ದು ಬೆಂಗಳೂರಿನಲ್ಲಿ. 1985ರಲ್ಲಿ ಡಾ. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರು ಯೋಗ ಕಲಿತ 53 ಅಸ್ತಮಾ ರೋಗಿಗಳನ್ನು ಬರೀ ಔಷಧದಲ್ಲಿದ್ದ 53 ಮಂದಿಯೊಡನೆ ಹೋಲಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಯೋಗ ಮಾಡಿದವರಲ್ಲಿ ದಮ್ಮು ಕಟ್ಟುವುದೂ ಔಷಧದ ಅಗತ್ಯವೂ ಹೆಚ್ಚು ಇಳಿದಿದ್ದವು.

ಮನಸ್ಸಿನ ಕಡೆಗೆ ಬಂದರೆ ನಿಮ್ಹಾನ್ಸ್. ಅಲ್ಲಿ ಸ್ಕಿಜೋಫ್ರೇನಿಯಾದ 61 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧದ ಜೊತೆ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರು ಹೆಚ್ಚು ಚೇತರಿಸಿಕೊಂಡಿದ್ದರು. ಗಮನಿಸಿ, ಔಷಧದ ಜೊತೆ, ಔಷಧ ಬಿಟ್ಟಲ್ಲ.

ಮುಂದಿನ ಅಧ್ಯಯನಗಳು ಹುಮ್ಮಸ್ಸಿಗೆ ಕಡಿವಾಣ ಹಾಕಿದವು. 2011ರಲ್ಲಿ ಅಮೆರಿಕದಲ್ಲಿ ಸೊಂಟ ನೋವಿನ 228 ಮಂದಿಯನ್ನು ನೋಡಿದಾಗ ಯೋಗ ಮಾಡಿದವರಿಗೂ ಸಾದಾ ಸ್ನಾಯು ಹಿಗ್ಗಿಸುವ ವ್ಯಾಯಾಮ ಮಾಡಿದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹೃದಯಾಘಾತದಿಂದ ಉಳಿದ 3,959 ಭಾರತೀಯರ ಮೇಲೆ ನಡೆದು 2020ರಲ್ಲಿ ಹೊರಬಂದ ಅಧ್ಯಯನದಲ್ಲಿ, ಮತ್ತೆ ಆಘಾತವಾಗುವುದನ್ನಾಗಲಿ ಸಾವನ್ನಾಗಲಿ ಯೋಗ ಖಚಿತವಾಗಿ ತಗ್ಗಿಸಿತೆನ್ನಲು ಆಧಾರ ಸಿಗಲಿಲ್ಲ. ಮೊದಲಿನಂತೆ ಕೆಲಸಕಾರ್ಯಕ್ಕೆ ಮರಳಲು ಮಾತ್ರ ನೆರವಾಗಿತ್ತು. ದುಡಿದು ತಿನ್ನುವವನಿಗೆ ಅದೇನು ಸಣ್ಣದಲ್ಲ.

ಉಸಿರಿನ ವಿಚಾರ ಇನ್ನಷ್ಟು ಸ್ಪಷ್ಟ. ನಿಮಿಷಕ್ಕೆ ಆರರಷ್ಟು ನಿಧಾನವಾಗಿ ಉಸಿರಾಡಿದರೆ ಎದೆಬಡಿತ, ರಕ್ತದೊತ್ತಡಗಳನ್ನು ಸಮತೋಲದಲ್ಲಿಡುವ ನರಗಳ ಪ್ರತಿಕ್ರಿಯೆ ಚುರುಕಾಗುತ್ತದೆ. ಜಪ ಮಾಡುವವರ ಉಸಿರು ತಾನಾಗಿ ಈ ಲಯಕ್ಕೆ ಇಳಿಯುವುದನ್ನು ಇಟಲಿಯ ಸಂಶೋಧಕರು 2001ರಲ್ಲಿ ತೋರಿಸಿದರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ ಭಿಕ್ಷುಗಳ ಮಂತ್ರಪಠಣ ಕೇಳಿದವರಿಗೆ ಆ ಲಯ ಹೊಸದೇನಲ್ಲ.

ಬ್ಯಾರನ್ ಮುಂದೆ

ಈಗ ಆ ರೈತನ ಪ್ರಶ್ನೆಗೆ ಬರೋಣ. ಅವನು ಬೆಳೆಯುವ ಹೊಗೆಸೊಪ್ಪಿನ ಗಿಡದಲ್ಲಿ ಮೊದಲು ಹಣ್ಣಾಗುವುದು ಬುಡದ ಎಲೆ. ಹಾಗಾಗಿ ಮೊದಲ ಸಲ ಸೊಪ್ಪು ಮುರಿಯುವಾಗ ಸೊಂಟ ಪೂರ್ತಿ ಬಗ್ಗಲೇಬೇಕು. ಮುರಿದದ್ದನ್ನು ಹೊತ್ತು ತಂದು, ಸೊಪ್ಪು ಕಾಯಿಸಿ ಹದಮಾಡುವ ಬ್ಯಾರನ್ ಮುಂದೆ ಕುಳಿತು ಹೆಂಗಸರು ಕಡ್ಡಿಗೆ ಕಟ್ಟುತ್ತಾರೆ. ಕತ್ತು ತಗ್ಗಿಸಿದ್ದು ತಗ್ಗಿಸಿದ ಹಾಗೇ. ಬ್ಯಾರನ್ ತುಂಬಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಕಾವು ಏರಿದರೂ ಇಳಿದರೂ ಸೊಪ್ಪಿನ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ನಿದ್ದೆ ಎಲ್ಲಿಂದ ಬರಬೇಕು? ಕೆ.ಆರ್. ನಗರದ ನಾಲೆ ಬಯಲಲ್ಲಿ ಭತ್ತದ ನಾಟಿ ಹಾಕುವವರ ಬೆನ್ನಿನ ಕಥೆಯೂ ಬೇರೆಯಲ್ಲ.

ಈ ಮೈಗೆ ವ್ಯಾಯಾಮದ ಕೊರತೆಯಿಲ್ಲ, ನಿಜ. ಆದರೆ ದುಡಿಮೆ ಮೈಯನ್ನು ಒಂದೇ ಕಡೆ ಬಗ್ಗಿಸುತ್ತದೆ, ಬಗ್ಗಿದ್ದನ್ನು ಬಿಡಿಸುವುದಿಲ್ಲ. ಇವರಿಗೆ ಬೇಕಾದ್ದು ಹನ್ನೆರಡು ಸೂರ್ಯನಮಸ್ಕಾರವಲ್ಲ, ಕಾಲು ಚಾಚಿ ಹಣೆ ಮುಟ್ಟಿಸುವ ಪಶ್ಚಿಮೋತ್ತಾನಾಸನ ಮೊದಲೇ ಅಲ್ಲ. ಬೋರಲು ಮಲಗಿ ಎದೆಯನ್ನಷ್ಟೇ ಮೆಲ್ಲಗೆ ಎತ್ತುವ ಭುಜಂಗಾಸನ, ಸುಮ್ಮನೆ ಮೈ ಬಿಟ್ಟು ಮಲಗುವ ಮಕರಾಸನ, ಉಸಿರನ್ನು ತಗೊಂಡದ್ದಕ್ಕಿಂತ ನಿಧಾನವಾಗಿ ಬಿಡುವ ಅಭ್ಯಾಸ, ಶವಾಸನ. ಹತ್ತು ಹದಿನೈದು ನಿಮಿಷ ಸಾಕು.

ಇದರ ಮಿತಿಯನ್ನೂ ಹೇಳಬೇಕು. ನೋವು ಸೊಂಟದಿಂದ ಕಾಲಿಗಿಳಿದು ಜೋಮು ಹಿಡಿದರೆ ವೈದ್ಯರನ್ನು ಕಾಣಬೇಕು. ಒದ್ದೆ ಸೊಪ್ಪು ಮುಟ್ಟಿ ತಲೆಸುತ್ತು, ವಾಂತಿ ಬಂದರೆ ಅದು ಚರ್ಮದ ಮೂಲಕ ಮೈಗಿಳಿದ ನಿಕೋಟಿನ್. ಅದಕ್ಕೆ ಬೇಕಾದ್ದು ಕೈಗವಸು, ಸೋಪು, ನೀರು, ಹೆಚ್ಚಾದರೆ ಆಸ್ಪತ್ರೆ. ಸಾಲಕ್ಕೂ ಪ್ರಾಣಾಯಾಮ ಪರಿಹಾರವಲ್ಲ. ಸಾಲದ ಚಿಂತೆಯಲ್ಲಿ ಹೊರಳಾಡುವ ರಾತ್ರಿಯೊಂದರಲ್ಲಿ ತುಸು ನಿದ್ದೆ ತಂದುಕೊಟ್ಟರೆ ಅಷ್ಟೇ ಅದರ ಪಾಲು.

ಮೈಕಿನ ಯೋಗ, ಮೈಸೂರು ಯೋಗ

2014ರಲ್ಲಿ ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನವೆಂದು ಸಾರಿತು. 2017ರಲ್ಲಿ ಮೈಸೂರಿನ ರೇಸ್‌ಕೋರ್ಸ್ ಮೈದಾನದಲ್ಲಿ 55,506 ಜನ ಒಟ್ಟಿಗೆ ಯೋಗ ಮಾಡಿ ಗಿನ್ನಿಸ್ ದಾಖಲೆ ಬರೆದರು. 2022ರಲ್ಲಿ ಪ್ರಧಾನಿಯೇ ಅರಮನೆ ಅಂಗಳಕ್ಕೆ ಬಂದರು. ಆದರೆ ಜೂನ್ 21 ಎಂದರೆ ಈ ಸೀಮೆಯ ರೈತ ಹೊಲದಲ್ಲಿ ತಲೆ ಎತ್ತಲಾಗದ ಕಾಲ. ಮೈಕಿನಲ್ಲಿ ಒಬ್ಬರು ಹೇಳಿ ಸಾವಿರಾರು ಜನ ಒಂದೇ ಆಸನ ಮಾಡುವಾಗ ಯಾರ ಸೊಂಟ ಎಂಥದ್ದೆಂದು ನೋಡುವವರಾರು?

ನ್ಯೂಯಾರ್ಕಿನಲ್ಲೋ ಟೋಕಿಯೋದಲ್ಲೋ ‘ಮೈಸೂರು’ ಎಂಬ ಹೆಸರಿನ ಯೋಗ ತರಗತಿಗೆ ಹೋದರೆ ಅಲ್ಲಿ ಮೈಕಿರುವುದಿಲ್ಲ. ಪ್ರತಿಯೊಬ್ಬರೂ ತಾವು ಕಲಿತಷ್ಟನ್ನು, ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ. ಗುರು ನಡುವೆ ಓಡಾಡುತ್ತ ಒಬ್ಬೊಬ್ಬರನ್ನೇ ತಿದ್ದುತ್ತಾರೆ. ಮೈಸೂರಿನ ಹೆಸರಲ್ಲಿ ಲೋಕ ಕಲಿತದ್ದು ಈ ಕ್ರಮವನ್ನು. ಮೈಸೂರು ಜಿಲ್ಲೆಯ ಹಳ್ಳಿಗೆ ಇನ್ನೂ ಬರಬೇಕಾದ್ದೂ ಇದೇ. ಇದಕ್ಕೆ ಚಾಪೆ, ಶಿಬಿರ ಬೇಡ. ಒಲೆಗೆ ಒಮ್ಮೆ ಸೌದೆ ಹಾಕಿ ಮತ್ತೊಮ್ಮೆ ಹಾಕುವ ನಡುವೆ, ಬ್ಯಾರನ್ ಜಗುಲಿಯಲ್ಲಿ ಗೋಣಿತಾಟು ಹಾಸಿ ಬೋರಲು ಮಲಗುವಷ್ಟು ಹೊತ್ತು ಸಿಕ್ಕೇ ಸಿಗುತ್ತದೆ. ಆ ಬೆನ್ನಿಗೆ ಯಾವುದು ಸಲ್ಲುತ್ತದೆಂದು ನೋಡಿ ಹೇಳಿಕೊಡುವವರು ಒಮ್ಮೆ ಅಲ್ಲಿಗೆ ಬಂದುಹೋದರೆ ಆಯಿತು.