ಉಪಲ, ಓಪಲ್ ಮತ್ತು ಬೆಳ್ಳಿ: ಹುಬ್ಬಳ್ಳಿ ಪರಿಸರದ ಒಂದು ವಿಚಾರ

ಹುಬ್ಬಳ್ಳಿಯ ಹಳೆಯ ಪೇಟೆಗಳಲ್ಲಿ ಕಮರಿಪೇಟೆಯೂ ಒಂದು. ರೇಷ್ಮೆ ನೇಯ್ಗೆಯ ಪರಂಪರೆಯಿಂದ ಪಟ್ಟೇಗಾರರೆನಿಸಿದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರ ನೆಲೆ ಇದು. ಇಂಥ ಪೇಟೆಗಳ ಮನೆಗಳಲ್ಲಿ ಕಾಲುಂಗುರ, ಕಾಲ್ಗಡಗ, ಉಡಿದಾರಗಳ ರೂಪದಲ್ಲಿ ಬೆಳ್ಳಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಬೆಳ್ಳಿಯ ಉಂಗುರದಲ್ಲಿ ಹಾಲುಬಣ್ಣದ ಓಪಲ್ ಹರಳು ಕಾಣಿಸಿಕೊಂಡುದು ಮಾತ್ರ ಈಚಿನ ಕಾಲದಲ್ಲಿ. ಓಪಲ್ ಎಂಬ ಹೆಸರು ಸಂಸ್ಕೃತದ ‘ಉಪಲ’ದಿಂದ ಬಂದುದರಿಂದ ಹರಳೂ ಪ್ರಾಚೀನ ಕಾಲದಿಂದ ಈ ನೆಲದ್ದೇ ಎಂದು ಹೇಳುವುದುಂಟು. ಈ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ಪರಿಶೀಲನಾರ್ಹ.

ಲ್ಯಾಟಿನ್ನಿನ ‘ಓಪಲಸ್’, ಗ್ರೀಕಿನ ‘ಓಪಾಲಿಯೋಸ್’ ಪದಗಳನ್ನು ‘ಉಪಲ’ದೊಡನೆ ಸಂಬಂಧಿಸುವುದು ಭಾಷಾವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಆದರೆ ಉಪಲವೆಂದರೆ ಕೇವಲ ಕಲ್ಲು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಆನೆ ಕುದುರೆ ಸ್ತ್ರೀ ಮೊದಲಾದವುಗಳಲ್ಲಿ ಶ್ರೇಷ್ಠವಾದುದನ್ನೂ ರತ್ನವೆನ್ನುವ ರೂಢಿಯನ್ನು ಹೇಳಿ, ತಾನು ವಿವರಿಸಹೊರಟಿರುವುದು ವಜ್ರವೇ ಮೊದಲಾದ ‘ಉಪಲರತ್ನ’ಗಳನ್ನು ಎಂದು ಸ್ಪಷ್ಟಪಡಿಸುತ್ತಾನೆ. ಇಲ್ಲಿ ವಜ್ರವೂ ಉಪಲವೇ. ನವರತ್ನಗಳ ಸಾಲಿನಲ್ಲಿ ಓಪಲ್‌ಗೆ ಸ್ಥಾನವಿಲ್ಲ. ಕಲ್ಯಾಣದಿಂದ ಈ ಸೀಮೆಯನ್ನೂ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ರತ್ನವಿಚಾರದಲ್ಲಿಯೂ ಅಗ್ರಪ್ರಾಶಸ್ತ್ಯ ಪಡೆದವು ವಜ್ರ, ಮುತ್ತು, ಮಾಣಿಕ್ಯ, ನೀಲ, ಮರಕತಗಳೇ. ಪದವು ಪಶ್ಚಿಮಕ್ಕೆ ಪಯಣಿಸಿತೆಂದ ಮಾತ್ರಕ್ಕೆ ಹರಳೂ ಅದರ ಜೊತೆಗೆ ಹೋಯಿತೆನ್ನಲಾಗದು.

ಈ ವಾದಕ್ಕೆ ಬಲವಾಗಿ ಒದಗಿದ ಇನ್ನೊಂದು ಆಧಾರ ರೋಮಿನ ಪ್ಲಿನಿಯದು. ಕ್ರಿ.ಶ. 77ರ ಸುಮಾರಿನ ತನ್ನ ನಿಸರ್ಗ ಚರಿತ್ರೆಯ 37ನೆಯ ಭಾಗದಲ್ಲಿ ಅವನು ಭಾರತವೊಂದೇ ಈ ಹರಳಿನ ತವರೆಂದು ಹೇಳುತ್ತಾನೆ. 20 ಲಕ್ಷ ಸೆಸ್ಟರ್ಸ್ ಬೆಲೆಯ ಓಪಲ್ ಉಂಗುರವನ್ನು ಮಾರ್ಕ್ ಆಂಟನಿಗೆ ಒಪ್ಪಿಸಲೊಲ್ಲದ ನೋನಿಯಸ್ ಎಂಬ ಸೆನೆಟ್ ಸದಸ್ಯನು ಸರ್ವಸ್ವವನ್ನೂ ತೊರೆದು, ಅದೊಂದನ್ನೇ ಹಿಡಿದು ದೇಶಾಂತರ ಹೋದನೆಂಬ ಕಥೆಯೂ ಅಲ್ಲಿದೆ. ರಂಜಕವಾದ ಈ ಕಥೆಯನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಸಮೀಪದಲ್ಲಿಯೇ ಇರುವ ಇನ್ನೊಂದು ಮಾತು ಗಮನಕ್ಕೆ ಬರುವುದು ಕಡಿಮೆ: ಭಾರತೀಯರು ಗಾಜಿನಲ್ಲಿ ಓಪಲ್ಲನ್ನು ಅನುಕರಿಸುವಷ್ಟು ಚೆನ್ನಾಗಿ ಬೇರಾವ ಹರಳನ್ನೂ ಅನುಕರಿಸುವುದಿಲ್ಲ ಎಂದು ಅವನು ಬರೆದಿದ್ದಾನೆ. ರೋಮನ್ನರ ಓಪಲ್ಲುಗಳು ಇಂದಿನ ಸ್ಲೊವಾಕಿಯದ ದುಬ್ನಿಕ್ ಪ್ರದೇಶದಿಂದ ಬಂದಿರಬೇಕೆಂಬುದು ಈಗಿನ ಅನೇಕ ವಿದ್ವಾಂಸರ ಮತ. ಹಾಗಿದ್ದಲ್ಲಿ ಭಾರತದ ಹೆಸರು ವ್ಯಾಪಾರಿಗಳು ಹಚ್ಚಿದುದಿರಬಹುದು. ಸರಕಿನ ಮೂಲವನ್ನು ದೂರದ ನಾಡಿಗೆ ಹೇಳಿ ಬೆಲೆ ಏರಿಸುವುದು ಯಾವ ಪೇಟೆಗೂ ಹೊಸತಲ್ಲ.

ನೆಲದ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಓಪಲ್ ಎಂಬುದು ನೀರಿನಂಶವುಳ್ಳ ಸಿಲಿಕ. ಅದರೊಳಗಿನ ಅತಿಸೂಕ್ಷ್ಮ ಸಿಲಿಕ ಗೋಲಗಳ ಕ್ರಮಬದ್ಧ ಜೋಡಣೆಯೇ ಬಣ್ಣಗಳ ಆಟಕ್ಕೆ ಕಾರಣವೆಂಬುದು 1964ರಲ್ಲಿ ಆಸ್ಟ್ರೇಲಿಯದಲ್ಲಿ ಸ್ಥಿರಪಟ್ಟಿತು. ಕಾಲಾಂತರದಲ್ಲಿ ಅದು ಸ್ಫಟಿಕಶಿಲೆಯಾಗಿ ಮಾರ್ಪಡುವುದರಿಂದ ಬಹು ಪ್ರಾಚೀನ ಶಿಲೆಗಳಲ್ಲಿ ಉಳಿಯುವುದಿಲ್ಲ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ‘ಧಾರವಾಡ’ದ ಹೆಸರಿನಿಂದ ಗುರುತಿಸಿದ ಶಿಲಾವರ್ಗವಾದರೋ 250 ಕೋಟಿ ವರ್ಷಗಳಿಗೂ ಹಿಂದಿನದು. ಉತ್ತರಕ್ಕಿರುವ ದಖ್ಖನ್ ಬಸಾಲ್ಟಿನ ವಯಸ್ಸು ಸುಮಾರು 6.6 ಕೋಟಿ ವರ್ಷ. ಅದರ ಪೊಟರೆಗಳಲ್ಲಿ ದೊರೆಯುವುದು ಬಹುತೇಕ ಬಣ್ಣದಾಟವಿಲ್ಲದ ಸಾಮಾನ್ಯ ಓಪಲ್.

ಹಾಗಾದರೆ ಇಲ್ಲಿಯ ಬೆಳ್ಳಿಗೆ ಓಪಲ್ ಕೂಡಿದುದು ಹೇಗೆ? ಈ ಸೀಮೆಯ ಬೆಳ್ಳಿ ಕೆಲಸದ ಹಿರಿಮೆ ಹರಳಿನಲ್ಲಿಲ್ಲ, ಲೋಹದಲ್ಲಿಯೇ ಇದೆ. ಲಿಂಗಾಯತರ ಇಷ್ಟಲಿಂಗದ ಕರಡಿಗೆ, ಚೌಕ, ಗುಂಡಗಡಗಿಗಳೂ ಲಂಬಾಣಿ ಹೆಂಗಸರು ಕೂದಲಿಗೆ ಇಳಿಬಿಡುವ ಘುಗ್ರಿ–ಟೋಪ್ಲಿಗಳೂ ಇದಕ್ಕೆ ನಿದರ್ಶನ. ಬೆಲೆಬಾಳುವ ರತ್ನಕ್ಕೆ ಚಿನ್ನವೇ ಆಸರೆ. ಮೃದುವಾದ ಅಪರಂಜಿಯನ್ನು ಹರಳಿನ ಸುತ್ತ ಒತ್ತಿ ಕೂಡಿಸುವ ಕುಂದಣದ ಕೆಲಸ ಬೆಳ್ಳಿಯಲ್ಲಿ ಸಾಗದು. ಓಪಲ್ಲನ್ನು ಬೆಳ್ಳಿಗೆ ತಂದುದು ಶುಕ್ರಗ್ರಹಕ್ಕೆ ವಜ್ರದ ಬದಲು ಇದನ್ನು ಧರಿಸಬಹುದೆಂಬ ಈಚಿನ ಜ್ಯೋತಿಷ್ಯದ ಸಲಹೆ. ವಜ್ರ ಕೊಳ್ಳಲಾರದವರಿಗೆ ಅದು ಅನುಕೂಲವೂ ಆಯಿತು. 2008ರಲ್ಲಿ ಇಥಿಯೋಪಿಯದ ವೊಲ್ಲೊ ಪ್ರಾಂತದಲ್ಲಿ ದೊಡ್ಡ ನಿಕ್ಷೇಪ ಬೆಳಕಿಗೆ ಬಂದು, ಜೈಪುರದಲ್ಲಿ ಆ ಹರಳಿನ ಸಾಣೆ ಕೆಲಸ ಬೆಳೆದ ಮೇಲೆ ಅಗ್ಗದ ಓಪಲ್ ದೇಶದ ಪೇಟೆಗಳಿಗೆ ಹರಿದುಬಂದಿತು.

ಈ ಹೊಸ ಅತಿಥಿಗೆ ಹಳೆಯ ಕೈಗೆಲಸದ ಎಲ್ಲ ರೀತಿಗಳೂ ಹಿಡಿಸುವುದಿಲ್ಲ. ಬೆಳ್ಳಿಯ ಬೆಸುಗೆಗೆ 600 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಶಾಖ ಬೇಕು; ಆ ಶಾಖ ತಗುಲಿದರೆ ನೀರಿನಂಶವುಳ್ಳ ಓಪಲ್ ಸೀಳುತ್ತದೆ. ಆದುದರಿಂದ ಬೆಸುಗೆಯೆಲ್ಲ ಮುಗಿದ ಮೇಲೆ ಹರಳನ್ನಿಟ್ಟು, ತಣ್ಣಗಿರುವಾಗಲೇ ಸುತ್ತಲಿನ ಬೆಳ್ಳಿಯ ಅಂಚನ್ನು ಮಡಿಸಬೇಕಾಗುತ್ತದೆ. ಕಪ್ಪಾದ ಬೆಳ್ಳಿಯನ್ನು ಹುಣಸೆಹುಳಿ, ಬೂದಿ ಹಚ್ಚಿ ಉಜ್ಜುವುದು ಮನೆಮನೆಯ ಪದ್ಧತಿ. ಓಪಲ್ಲಿನ ಗಡಸುತನ 5.5ರಿಂದ 6.5, ಬೂದಿಯಲ್ಲಿ ಬೆರೆತ ಮರಳಿನ ಕಣದ್ದು 7. ಇಥಿಯೋಪಿಯದ ಹರಳು ನೀರನ್ನು ಹೀರಿ ಕೆಲಕಾಲ ತನ್ನ ಬಣ್ಣದಾಟವನ್ನೇ ಮರೆಸಿಬಿಡುವುದರಿಂದ, ತೊಳೆದ ಉಂಗುರವನ್ನು ನೋಡಿ ಹರಳು ಖೊಟ್ಟಿಯೆಂದು ಸರಾಫನ ಅಂಗಡಿಗೆ ಮರಳಿ ಒಯ್ಯುವವರೂ ಇರುವುದು ಸಹಜ. ಒಣಗಿದ ಮೇಲೆ ಬಣ್ಣ ಸಾಮಾನ್ಯವಾಗಿ ಮರಳಿ ಬರುತ್ತದೆ.