ಉಪಟ್ಯಾಂಕಿನ ಲೆಕ್ಕ: ಅನುಕರಣ ಹಾರಾಟದಲ್ಲಿ ಲಘುವಿಮಾನದ ಇಂಧನ

ದೇವನಹಳ್ಳಿಯ ಓಡುಪಥದಿಂದ ದೆಹಲಿಗೆ ನೇರ ಆಕಾಶಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರು ದೂರ. ನಾಲ್ಕು ಆಸನಗಳ ಸೆಸ್ನಾ 172 ವಿಮಾನವು ರೆಕ್ಕೆಗಳೊಳಗೆ ತುಂಬಿಕೊಂಡ ಪೆಟ್ರೋಲನ್ನೇ ನಂಬಿ ಹಾರಬಲ್ಲುದು ಸುಮಾರು 1,200 ಕಿಲೋಮೀಟರು ಮಾತ್ರ. ದೊಡ್ಡಬಳ್ಳಾಪುರದ ನಮ್ಮ ಮನೆಯ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಈ ಯಾನವನ್ನು ಮೊದಲ ಬಾರಿಗೆ ಕೈಕೊಂಡ ದಿನ, ಮಧ್ಯಪ್ರದೇಶದ ಮೇಲೆಲ್ಲಿಯೋ ಎಂಜಿನ್ನು ಒಮ್ಮೆ ಕೆಮ್ಮಿ ನಿಂತುಹೋಯಿತು. ಲಘುವಿಮಾನಕ್ಕೆ ಹೆಚ್ಚುವರಿ ಟ್ಯಾಂಕು ಜೋಡಿಸುವ ವಿದ್ಯೆಯನ್ನೂ, ಆ ವಿದ್ಯೆ ಅನುಕರಣ ಹಾರಾಟದೊಳಕ್ಕೆ ಬಂದ ಬಗೆಯನ್ನೂ ಅರಸತೊಡಗಿದುದು ಅಂದಿನಿಂದ.

ನಿಜವಾದ ಆಕಾಶದಲ್ಲಿ ಈ ವಿದ್ಯೆ ಹಳೆಯದು. 1927ರಲ್ಲಿ ಲಿಂಡ್‌ಬರ್ಗ್ ಎಂಬ ಚಾಲಕ ಒಬ್ಬಂಟಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ವಿಮಾನದಲ್ಲಿ ಸುಮಾರು 1,700 ಲೀಟರು ಇಂಧನವಿದ್ದು, ಅದರ ಮುಖ್ಯ ಟ್ಯಾಂಕು ಚಾಲಕನ ಮುಂಭಾಗದಲ್ಲಿಯೇ ಇದ್ದುದರಿಂದ, ಎದುರಿನ ದಾರಿಯನ್ನು ಕಾಣಲು ಆತ ಪೆರಿಸ್ಕೋಪನ್ನೂ ಪಕ್ಕದ ಕಿಟಕಿಯನ್ನೂ ಆಶ್ರಯಿಸಬೇಕಾಯಿತು. 1958ರ ಡಿಸೆಂಬರಿನಲ್ಲಿ ಅಮೆರಿಕದ ಲಾಸ್ ವೇಗಸ್ಸಿನಿಂದ ಮೇಲೆದ್ದ ರಾಬರ್ಟ್ ಟಿಮ್ ಮತ್ತು ಜಾನ್ ಕುಕ್ ಎಂಬಿಬ್ಬರು, ಸೆಸ್ನಾ 172ರ ಹೊಟ್ಟೆಯ ಕೆಳಗೆ ಸುಮಾರು 360 ಲೀಟರಿನ ಉಪಟ್ಯಾಂಕನ್ನು ಕಟ್ಟಿಕೊಂಡು, ನೇರ ರಸ್ತೆಯ ಮೇಲೆ ಓಡುತ್ತಿದ್ದ ಲಾರಿಯಿಂದ ಕೊಳವೆಯ ಮೂಲಕ ಇಂಧನವನ್ನು ಮೇಲೆಳೆದುಕೊಳ್ಳುತ್ತ, 64 ದಿನಗಳಿಗೂ ಮಿಕ್ಕು ಭೂಸ್ಪರ್ಶವಿಲ್ಲದೆ ಹಾರಿದರು. ಉಪಟ್ಯಾಂಕಿನ ಮಹಿಮೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ.

ಅನುಕರಣ ಯಂತ್ರಗಳಾದರೋ ಬಹುಕಾಲ ಇದನ್ನು ಲಕ್ಷಿಸಲೇ ಇಲ್ಲ. 1929ರಲ್ಲಿ ಎಡ್ವಿನ್ ಲಿಂಕ್ ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳಿಂದಲೇ ನಿರ್ಮಿಸಿದ ತರಬೇತಿ ಯಂತ್ರವು, ಮೋಡದೊಳಗೆ ಉಪಕರಣಗಳನ್ನು ಮಾತ್ರ ನೋಡಿ ಹಾರುವುದನ್ನು ಎರಡನೆಯ ಮಹಾಯುದ್ಧದ ವೇಳೆಗೆ ಲಕ್ಷಾಂತರ ಚಾಲಕರಿಗೆ ಕಲಿಸಿತು. ಟ್ಯಾಂಕಿನ ಭಾರಕ್ಕೆ ಮಾತ್ರ ಅದರಲ್ಲಿ ಸ್ಥಾನವಿರಲಿಲ್ಲ. ಬ್ರೂಸ್ ಆರ್ಟ್‌ವಿಕ್ ರಚಿಸಿದ ಹಾರಾಟದ ಕಾರ್ಯಕ್ರಮವು ಮನೆಯ ಕಂಪ್ಯೂಟರುಗಳಿಗೆ ಬಂದುದು 1980ರ ಹೊತ್ತಿಗೆ. ಮೈಕ್ರೋಸಾಫ್ಟ್ ಅದನ್ನು ತನ್ನ ಹೆಸರಿನಲ್ಲಿ ಹೊರತಂದುದು 1982ರಲ್ಲಿ. ಅಂದಿನ ಯಂತ್ರಗಳ ಅತ್ಯಲ್ಪ ಸ್ಮರಣಶಕ್ತಿಯಲ್ಲಿ ಇಂಧನವೆಂದರೆ ಇಳಿಯುತ್ತ ಹೋಗುವ ಒಂದು ಮುಳ್ಳಿಗಿಂತ ಹೆಚ್ಚಾಗುವುದು ಶಕ್ಯವಿರಲಿಲ್ಲ.

ನಿಜವಾದ ಬದಲಾವಣೆ ಉಂಟಾದುದು, ಪ್ರತಿಯೊಂದು ಟ್ಯಾಂಕನ್ನೂ ವಿಮಾನದೊಳಗಿನ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಇರಿಸುವುದನ್ನು ಕಾರ್ಯಕ್ರಮಗಳು ಕಲಿತಾಗ. ಮೈಕ್ರೋಸಾಫ್ಟಿನ ಸಿಮ್ಯುಲೇಟರಿನಲ್ಲಿ ವಿಮಾನದ ವಿವರಗಳನ್ನು ಬರೆದ ಕಡತವನ್ನು ತೆರೆದರೆ ಎಡ ಮೇನ್ (ಮುಖ್ಯ), ಎಡ ಆಕ್ಸ್ (ಉಪ), ಎಡ ಟಿಪ್ (ರೆಕ್ಕೆಯ ತುದಿ), ಎಕ್ಸ್‌ಟರ್ನಲ್ (ಹೊರಗಿನದು) ಎಂಬ ಟ್ಯಾಂಕುಗಳ ಸಾಲುಗಳು ಕಾಣುವುವು. ಪ್ರತಿ ಸಾಲಿನಲ್ಲಿಯೂ ಐದೇ ಸಂಖ್ಯೆಗಳು. ಉದ್ದಕ್ಕೆ ಎಷ್ಟು ಅಡಿ, ಅಡ್ಡಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು, ಬಳಸಬಹುದಾದ ಇಂಧನವೆಷ್ಟು, ತಳದಲ್ಲಿ ಉಳಿದು ಬಳಕೆಗೆ ಬಾರದ್ದು ಎಷ್ಟು. 1990ರ ದಶಕದ ಉತ್ತರಾರ್ಧದಲ್ಲಿ ಮೊದಲಾದ ಮುಕ್ತ ಕಾರ್ಯಕ್ರಮವಾದ ಫ್ಲೈಟ್‌ಗಿಯರ್ ಬಳಸಿಕೊಂಡ ಜೆಎಸ್‌ಬಿಸಿಮ್ ಎಂಬ ಗಣಿತವ್ಯವಸ್ಥೆಯು, ಇವುಗಳೊಡನೆ ಯಾವ ಟ್ಯಾಂಕು ಮೊದಲು ಬರಿದಾಗಬೇಕೆಂಬ ಆದ್ಯತೆಯನ್ನೂ ಸೇರಿಸಿತು.

ಈ ಸಂಖ್ಯೆಗಳ ಅರ್ಥ ನಮ್ಮ ರೈತರಿಗೆ ಹೊಸತಲ್ಲ. ಎತ್ತಿನಗಾಡಿಗೆ ಹೇರು ಹೇರುವಾಗ ಹಿಂಭಾರವಾದರೆ ಮೂಕಿ ಮೇಲೇಳುವುದೆಂಬುದನ್ನೂ, ಮುಂಭಾರವಾದರೆ ಎತ್ತಿನ ಹೆಗಲು ನೋಯುವುದೆಂಬುದನ್ನೂ ಹೊಸಕೋಟೆಯ ಸಂತೆಗೆ ಗಾಡಿ ಹೂಡಿದವರೆಲ್ಲ ಬಲ್ಲರು. ಆಸನಗಳ ಹಿಂದೆ ಇರಿಸಿದ ಟ್ಯಾಂಕು ತುಂಬಿದರೆ ವಿಮಾನದ ಮೂತಿಯೂ ಹಾಗೆಯೇ ಮೇಲೇಳುವುದು. ರೆಕ್ಕೆಯ ತುದಿಯ ಟ್ಯಾಂಕುಗಳು ಕಾವಡಿಯ ಎರಡು ಕೊಡಗಳಿದ್ದಂತೆ. ಒಂದು ಮಾತ್ರ ಖಾಲಿಯಾದರೆ ಹೊತ್ತವನು ವಾಲದೆ ನಡೆಯಲಾರ.

ಆದರೂ ಭಾರವಷ್ಟೇ ಟ್ಯಾಂಕಲ್ಲ. ಎರಡು ಎಂಜಿನ್ನುಗಳ ಸೆಸ್ನಾ 310ರಲ್ಲಿ ರೆಕ್ಕೆಯ ತುದಿಗಳಲ್ಲಿರುವುವೇ ಮುಖ್ಯ ಟ್ಯಾಂಕುಗಳು. ಒಂದೊಂದರ ಅಳವು ಸುಮಾರು 190 ಲೀಟರು. ರೆಕ್ಕೆಯೊಳಗಿನವು ಉಪಟ್ಯಾಂಕುಗಳು. ಎಂಜಿನ್ನು ಉಪಟ್ಯಾಂಕಿನಿಂದ ಹೀರಿದ ಇಂಧನದಲ್ಲಿ ಸುಡದೆ ಉಳಿದುದು ಮುಖ್ಯ ಟ್ಯಾಂಕಿಗೆ ಮರಳುವುದರಿಂದ, ಮೊದಲು ಒಂದು ಗಂಟೆಗೂ ಹೆಚ್ಚುಕಾಲ ಮುಖ್ಯ ಟ್ಯಾಂಕನ್ನೇ ಬಳಸಿ ಅಲ್ಲಿ ಅವಕಾಶ ಮಾಡಿಕೊಡತಕ್ಕದ್ದು. ಹಳೆಯ ಅನುಕರಣಗಳಲ್ಲಿ ಈ ನಿಯಮವನ್ನು ಮೀರಿದರೂ ಏನೂ ಆಗುತ್ತಿರಲಿಲ್ಲ. ಈಚೆಗೆ ನಾನು ಹಾರಿಸಿದ ಒಂದು ಸೂಕ್ಷ್ಮ ಮಾದರಿಯಲ್ಲಿ, ಮೇಲೆದ್ದ ಹತ್ತೇ ನಿಮಿಷಕ್ಕೆ ಗುಂಡಿಯನ್ನು ಉಪಟ್ಯಾಂಕಿಗೆ ತಿರುಗಿಸಿದೆನಾಗಿ, ಮರಳಿದ ಇಂಧನವು ತುಂಬಿದ ಟ್ಯಾಂಕಿನ ಗಾಳಿಕೊಳವೆಯಿಂದ ಹೊರಚೆಲ್ಲಿತು. ಮುಳ್ಳು ಇಳಿದ ವೇಗಕ್ಕೂ ಎಂಜಿನ್ನು ಉರಿಸಿದ ಪ್ರಮಾಣಕ್ಕೂ ತಾಳೆಯಾಗಲಿಲ್ಲ. ಬೈಕನ್ನು ರಿಸರ್ವಿಗೆ ತಿರುಗಿಸಿದಷ್ಟು ಸುಲಭದ ಕೆಲಸ ಇದಲ್ಲವೆಂಬುದನ್ನು ನಾನು ಕಲಿತುದು ಹೀಗೆ. 2020ರ ಮೈಕ್ರೋಸಾಫ್ಟ್ ಆವೃತ್ತಿ ಹೊರಬಂದ ಮೇಲೆ, ಟ್ಯಾಂಕು, ಕೊಳವೆ, ಕವಾಟ, ಪಂಪುಗಳನ್ನು ಬೇರೆಬೇರೆಯಾಗಿ ಬರೆದು ಜೋಡಿಸುವ ವ್ಯವಸ್ಥೆಯೂ ಅದಕ್ಕೆ ಕೂಡಿಬಂದಿತು. ನನ್ನ ಎಣಿಕೆಯಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಮುನ್ನಡೆ ಇದೇ. ಆ ಆವೃತ್ತಿಯನ್ನು ದೃಶ್ಯವೈಭವಕ್ಕಾಗಿ ಮೆಚ್ಚಿಕೊಳ್ಳುವವರು ಇದನ್ನು ಸಾಕಷ್ಟು ಗಮನಿಸಿಲ್ಲ.

ನಮ್ಮ ಸೀಮೆಯಲ್ಲಿ ಹಾರಿಸುವವರಿಗೆ ಇನ್ನೊಂದು ಲೆಕ್ಕವುಂಟು. ದೇವನಹಳ್ಳಿಯ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 915 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಶೇಕಡ 8ಕ್ಕೂ ಮಿಕ್ಕು ಕಡಮೆ, ಏಪ್ರಿಲ್ಲಿನ ಮಧ್ಯಾಹ್ನವಂತೂ ಮತ್ತಷ್ಟು. ಬೆಂಗಳೂರಿನ ಎನ್‌ಎಎಲ್ ಎಂಬ ವೈಮಾನಿಕ ಸಂಶೋಧನಾ ಸಂಸ್ಥೆಯ ಹಂಸ-ಎನ್‌ಜಿ ಎಂಬ ಎರಡಾಸನದ ವಿಮಾನವನ್ನು 2022ರ ಫೆಬ್ರವರಿಯಲ್ಲಿ ಸಮುದ್ರಮಟ್ಟದ ಪರೀಕ್ಷೆಗಳಿಗಾಗಿ ಪುದುಚೇರಿಗೆ ಹಾರಿಸಿಕೊಂಡು ಹೋದುದು, ಪ್ರಸ್ಥಭೂಮಿಯ ಗಾಳಿಯೂ ಕಡಲತೀರದ ಗಾಳಿಯೂ ಒಂದೇ ಅಲ್ಲವೆಂಬ ಕಾರಣದಿಂದಲೇ. ಗಾಳಿ ತೆಳುವಾದಷ್ಟೂ, ಭಾರ ಹೆಚ್ಚಿದಷ್ಟೂ ವಿಮಾನವು ನೆಲ ಬಿಡಲು ಹೆಚ್ಚು ದೂರ ಓಡಬೇಕು. ಲೀಟರಿಗೆ 0.72 ಕಿಲೋದಂತೆ 100 ಲೀಟರಿನ ಉಪಟ್ಯಾಂಕು ತುಂಬಿದರೆ 72 ಕಿಲೋ, ಅಂದರೆ ಒಬ್ಬ ವಯಸ್ಕನ ತೂಕ.

ಓದುಗರು ಇದನ್ನು ತಾವೇ ಪರೀಕ್ಷಿಸಿ ನೋಡಬೇಕೆಂದು ನನ್ನ ವಿನಂತಿ. ಉಪಟ್ಯಾಂಕಿರುವ ಒಂದೇ ವಿಮಾನವನ್ನು, ಟ್ಯಾಂಕುಗಳನ್ನೆಲ್ಲ ತುಂಬಿ, ಒಮ್ಮೆ ದೇವನಹಳ್ಳಿಯಿಂದಲೂ ಒಮ್ಮೆ ಪುದುಚೇರಿಯಿಂದಲೂ ಮೇಲೆಬ್ಬಿಸಿ, ಎರಡು ಕಡೆಯೂ ಚಕ್ರಗಳು ನೆಲ ಬಿಟ್ಟ ಜಾಗವನ್ನು ಗುರುತುಹಾಕಿಕೊಳ್ಳಿರಿ. ಎರಡು ಗುರುತುಗಳ ನಡುವೆ ಅಂತರವೇ ಕಾಣದಿದ್ದರೆ, ಆ ಅನುಕರಣವನ್ನು ನಂಬಿ ದೆಹಲಿಗೆ ಹೊರಡಬೇಡಿರಿ.